ಸ್ಕಿಪ್ಟನ್ ಸುತ್ತ ಮನೆಮಂದಿಯ ಓಡಾಟ: ಕೋಟೆಯೋ, ಹೊಳೆಯೋ, ಹೊಗೆಬಂಡಿಯೋ, ಬಂಡೆಯೋ?

ಉತ್ತರ ಇಂಗ್ಲೆಂಡಿನ ಲೀಡ್ಸ್ ರೈಲ್ವೆ ಸ್ಟೇಷನ್ನಿನ ಅಡಿಯಲ್ಲೇ ಒಂದು ನದಿ ಹರಿಯುತ್ತದೆ. ಹೆಸರು ಏರ್. ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ. ಕೆಳಗಿನ ಇಟ್ಟಿಗೆ ಕಮಾನುಗಳ ಹತ್ತಿರ ಹೋದರೆ ಭೋರ್ ಅನ್ನುವ ಸದ್ದು ಕೇಳುತ್ತದೆ. ಮಗಳು ಐದು ವರ್ಷದವಳಿದ್ದಾಗ ಅಲ್ಲಿ ನಿಂತು, "ಈ ನೀರು ಎಲ್ಲಿಂದ ಬರುತ್ತೆ ಅಮ್ಮಾ?" ಅಂತ ಕೇಳಿದಳು. ಮನೆಗೆ ಬಂದು ಮ್ಯಾಪ್ ಹರಡಿಕೊಂಡು, ನದಿಯ ಗೆರೆ ಹಿಡಿದು ಮೇಲಕ್ಕೆ ಹೋದೆವು. ಬಿಂಗ್ಲಿ, ಕೀತ್ಲಿ, ಆಮೇಲೆ ಸ್ಕಿಪ್ಟನ್. ಅದರಾಚೆ ಮ್ಯಾಲಮ್ ಅನ್ನುವ ಸಣ್ಣ ಹಳ್ಳಿ. ಮುಂದಿನ ಶನಿವಾರವೇ ಸ್ಕಿಪ್ಟನ್ ರೈಲು ಹತ್ತಿದೆವು.

ಅದಾಗಿ ನಾಲ್ಕು ವರ್ಷ ಆಯಿತು. ಆಮೇಲೆ ಆ ಕಡೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕ ಇಟ್ಟಿಲ್ಲ. ಕಳೆದ ಬೇಸಿಗೆಯಲ್ಲಿ ಅತ್ತೆ, ಮಾವ ಅರಸೀಕೆರೆಯಿಂದ ಬಂದು ಐದು ತಿಂಗಳು ನಮ್ಮ ಜೊತೆ ಇದ್ದರು. ಅದೇ ಜಾಗಗಳಿಗೆ ಅವರನ್ನೂ ಕರೆದುಕೊಂಡು ಹೋದೆವು. ಆಗ ಲೆಕ್ಕಾಚಾರವೇ ಬೇರೆ ಆಯಿತು. ಅತ್ತೆಗೆ ಮಂಡಿ ನೋವು. ಮಾವನಿಗೆ ನಡೆಯುವುದೆಂದರೆ ಇಷ್ಟ, ಆದರೆ ವಯಸ್ಸು ಎಪ್ಪತ್ತನಾಲ್ಕು. ಮಗಳಿಗೆ ಈಗ ಒಂಬತ್ತು, ಎಲ್ಲಿ ಏನು ಕಂಡರೂ ಹತ್ತಬೇಕು. ಮಗನಿಗೆ ನಾಲ್ಕು, ಅವನಿಗೆ ನೀರು ಸಿಕ್ಕರೆ ಬೇರೇನೂ ಬೇಡ.

ಊರಿಂದ ಹಿರಿಯರು ಬಂದಾಗಲೆಲ್ಲ ಲೀಡ್ಸ್, ಬ್ರಾಡ್‌ಫರ್ಡ್ ಕಡೆಯ ಗೆಳತಿಯರು ನನ್ನನ್ನು ಕೇಳುತ್ತಾರೆ: "ಎಲ್ಲಿಗೆ ಕರ್ಕೊಂಡು ಹೋಗೋಣ? ಎಲ್ಲರಿಗೂ ಆಗಬೇಕು." ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕಾರಿದ್ದು, ಅಜ್ಜಿ ತಾತ ಮೊಮ್ಮಕ್ಕಳೆಲ್ಲ ಒಟ್ಟಿಗೆ ಹೊರಟರೆ ಬೋಲ್ಟನ್ ಆಬಿ, ಹೊಳೆ ದಂಡೆಯ ಹಳೇ ಮಠದ ಜಾಗ. ಕಾರಿಲ್ಲದಿದ್ದರೆ ಸ್ಕಿಪ್ಟನ್ ಊರೇ ಸಾಕು. ಹೆಸರು ಜಾಸ್ತಿ ಇರುವುದು ಮ್ಯಾಲಮ್‌ಗೆ, ಎಲ್ಲರೂ ಮೊದಲು ಅಲ್ಲಿಗೇ ಓಡುತ್ತಾರೆ. ನಾನು ಮಾತ್ರ ಅದನ್ನು ಕೊನೆಗಿಡುತ್ತೇನೆ. ಆ ಜಾಗ ನನಗೆ ಪ್ರಾಣ. ಆದರೂ ಕೊನೆಗೆ.

ಊರೊಳಗೇ ಒಂದು ದಿನ

ಸ್ಕಿಪ್ಟನ್ ಅಂದರೆ ಹಳೇ ಇಂಗ್ಲಿಷಿನಲ್ಲಿ ಕುರಿಗಳ ಊರು. 1086ರಲ್ಲಿ ಇಂಗ್ಲೆಂಡಿನ ಜಮೀನು ಲೆಕ್ಕ ಬರೆಸಿದ ಡೂಮ್ಸ್‌ಡೇ ದಾಖಲೆಯಲ್ಲೇ ಊರಿನ ಹೆಸರಿದೆ. 1204ರಲ್ಲಿ ಜಾನ್ ದೊರೆ ಸಂತೆ ನಡೆಸಲು ಅಪ್ಪಣೆ ಕೊಟ್ಟ. ಇವತ್ತಿಗೂ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಹೈ ಸ್ಟ್ರೀಟಿನ ಉದ್ದಕ್ಕೂ ಸಂತೆ ಸೇರುತ್ತದೆ. ಹಾಗಾಗಿ ಹೋಗುವುದಾದರೆ ಆ ನಾಲ್ಕು ದಿನಗಳಲ್ಲೇ ಒಂದನ್ನು ಆರಿಸಿಕೊಳ್ಳಿ. ಭಾನುವಾರ ಹೋದರೆ ಬೀದಿ ಚೆಂದವೇ ಇರುತ್ತದೆ, ಆದರೆ ಅದರ ಜೀವ ಅರ್ಧ.

ಲೀಡ್ಸ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಸ್ಟೇಷನ್ನಿಂದ ಹೈ ಸ್ಟ್ರೀಟಿಗೆ ಹತ್ತು ಹದಿನೈದು ನಿಮಿಷದ ನಡಿಗೆ, ಏರಿಲ್ಲ. ಅತ್ತೆ ಆರಾಮಾಗಿ ನಡೆದರು. ಸಂತೆಯಲ್ಲಿ ಚೀಸ್, ಬ್ರೆಡ್, ಹೂಗಿಡ, ಚಪ್ಪಲಿ, ಉಣ್ಣೆ ಸಾಕ್ಸ್, ಹಾಸುಗಂಬಳಿ ಎಲ್ಲ ಇತ್ತು. ಅತ್ತೆ ಉಣ್ಣೆ ಸಾಕ್ಸಿನ ಅಂಗಡಿ ಮುಂದೆ ನಿಂತರು. ಒಂದು ಜೊತೆ ಎತ್ತಿ, ತಿರುಗಿಸಿ, ಒಳಗೆ ಕೈ ಹಾಕಿ ಹೊಲಿಗೆ ನೋಡಿದರು. "ಏನಮ್ಮಾ, ಇಲ್ಲಿ ಚೌಕಾಸಿ ಮಾಡೋ ಹಾಗಿಲ್ವಾ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ಅಂಗಡಿಯಾಕೆಗೆ ಮಾತು ಅರ್ಥವಾಗಲಿಲ್ಲ, ಆದರೆ ಹೊಲಿಗೆ ನೋಡುವ ಕೈ ಅರ್ಥವಾಯಿತು. ಎರಡು ಜೊತೆ ತೆಗೆದುಕೊಂಡರೆ ಕಡಿಮೆ ಮಾಡಿಕೊಡುತ್ತೇನೆ ಅಂದರು. ಅತ್ತೆ ಬೇರೆ ಎಲ್ಲ ಜಾಗಗಳ ಹೆಸರು ಮರೆತಿದ್ದಾರೆ, ಸ್ಕಿಪ್ಟನ್ ಹೆಸರು ಮರೆತಿಲ್ಲ.

ಬೀದಿಯ ತುದಿಯಲ್ಲೇ ಕೋಟೆ. 1090ರ ಸುಮಾರಿಗೆ ರಾಬರ್ಟ್ ದ ರೊಮಿಲಿ ಎಂಬ ನಾರ್ಮನ್ ಸರದಾರ ಕಟ್ಟಿಸಲು ಶುರು ಮಾಡಿದ್ದು. 1310ರಿಂದ ಕ್ಲಿಫರ್ಡ್ ಮನೆತನದ ಕೈಗೆ ಬಂತು. ಬಾಗಿಲ ಮೇಲ್ಗಡೆ ಆಕಾಶಕ್ಕೆ ಎದುರಾಗಿ ಕಲ್ಲಿನ ಅಕ್ಷರಗಳು ನಿಂತಿವೆ: 'ದೆಸೋರ್ಮೆ'. ಫ್ರೆಂಚ್ ಮಾತು, 'ಇನ್ನು ಮುಂದೆ' ಅಂತ ಅರ್ಥ. ಇಂಗ್ಲೆಂಡಿನ ಎಷ್ಟೋ ಹಳೇ ಕೋಟೆಗಳಲ್ಲಿ ಮುರಿದ ಗೋಡೆ, ಹುಲ್ಲು, ಬೋರ್ಡು ಬಿಟ್ಟರೆ ಏನೂ ಇಲ್ಲ. ಇಲ್ಲಿ ಚಾವಣಿ ಇದೆ. ಅಡುಗೆಮನೆ, ಊಟದ ಹಜಾರ, ನೆಲಮಾಳಿಗೆಯ ಸೆರೆಮನೆ ಎಲ್ಲ ಕಾಣಸಿಗುತ್ತವೆ. ಮಕ್ಕಳಿಗೆ ಇದೇ ಬೇಕಾದದ್ದು. ಗೋಡೆಯಾಚೆ ನೇರ ಕೆಳಗೆ ಬೀಳುವ ಹಾಗೆ ಕಟ್ಟಿದ ಆ ಕಾಲದ ಪಾಯಿಖಾನೆ ನೋಡಿ ನಮ್ಮ ಇಬ್ಬರೂ ಅರ್ಧ ದಿನ ಅದನ್ನೇ ಮಾತಾಡಿದರು.

ದೊರೆಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಈ ಕೋಟೆ ಮೂರು ವರ್ಷ ಮುತ್ತಿಗೆ ತಡೆದುಕೊಂಡು, 1645ರ ಡಿಸೆಂಬರಿನಲ್ಲಿ ಶರಣಾಯಿತು. ಫಿರಂಗಿ ಗುಂಡಿನ ಪೆಟ್ಟು ತಗ್ಗಲಿ ಅಂತ ಗೋಡೆಗಳ ಮೇಲೆ ಕುರಿಯ ಉಣ್ಣೆ ಇಳಿಬಿಟ್ಟಿದ್ದರಂತೆ. ಕಥೆಯೇ ಇರಬಹುದು, ಆದರೆ ಕುರಿಗಳ ಊರಿಗೆ ಒಪ್ಪುವ ಕಥೆ. ಆಮೇಲೆ ಇದನ್ನು ರಿಪೇರಿ ಮಾಡಿಸಿದ್ದು ಲೇಡಿ ಆನ್ ಕ್ಲಿಫರ್ಡ್. ಇದೇ ಕೋಟೆಯಲ್ಲಿ 1590ರಲ್ಲಿ ಹುಟ್ಟಿದ ಹೆಣ್ಣುಮಗಳು. ರಿಪೇರಿ ಮುಗಿದ ನೆನಪಿಗೆ ಒಳಗಿನ ಅಂಗಳದಲ್ಲಿ ಅವರು 1659ರಲ್ಲಿ ನೆಟ್ಟ ಯೂ ಮರ ಇನ್ನೂ ಹಸಿರಾಗಿದೆ. ನಾವೆಲ್ಲ ಸುತ್ತು ಮೆಟ್ಟಿಲು ಹತ್ತಿ ಇಳಿಯುವಾಗ ಅತ್ತೆ ಆ ಮರದ ಹತ್ತಿರವೇ ಕೂತಿದ್ದರು. ಮೆಟ್ಟಿಲು ಒಂದೊಂದು ಒಂದೊಂದು ಎತ್ತರ, ಸವೆದಿವೆ. ಮಂಡಿ ನೋವಿರುವವರಿಗೆ ಆಗದು. ಪುಷ್‌ಚೇರ್, ಅಂದರೆ ಮಗುವಿನ ತಳ್ಳುಗಾಡಿ ಕೂಡ ಬೇಡ.

ಮಳೆ ಬಂದ ದಿನ ಈ ನಾಲ್ಕರಲ್ಲಿ ಗೆಲ್ಲುವುದು ಕೋಟೆಯೇ. ಆದರೆ ಟಿಕೆಟ್ ತಲೆಗೊಂದು, ಆರು ಜನ ಅಂದರೆ ಕೈ ಸ್ವಲ್ಪ ಬಿಗಿ ಹಿಡಿಯಬೇಕು. ಅದನ್ನು ಸರಿದೂಗಿಸುವುದು ಕೋಟೆಯ ಹಿಂದಿನ ಕಾಡು. ಅದಕ್ಕೆ ಒಂದು ಪೆನ್ನಿಯೂ ಕೊಡಬೇಕಿಲ್ಲ. ವುಡ್‌ಲ್ಯಾಂಡ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಕೋಟೆಯ ಬಂಡೆಯ ಬುಡದಲ್ಲೇ ಕಾಲುವೆಯ ಒಂದು ಕವಲು ಹರಿಯುತ್ತದೆ. ಹಿಂದೆ ಸುಣ್ಣದ ಕಲ್ಲು ಸಾಗಿಸಲು ತೋಡಿಸಿದ್ದು. ಅದರ ದಂಡೆ ಹಿಡಿದು ನಡೆದರೆ ಕಾಡು ಸಿಗುತ್ತದೆ. ಮೇ ತಿಂಗಳಲ್ಲಿ ನೆಲವೆಲ್ಲ ನೀಲಿ ಬ್ಲೂಬೆಲ್ ಹೂವು, ಬಿಳಿ ಕಾಡು ಬೆಳ್ಳುಳ್ಳಿ. ಒಗ್ಗರಣೆ ಹಾಕಿದ ಹಾಗೆ ಘಮ್ ಅನ್ನುತ್ತದೆ. ಅತ್ತೆ ಒಂದು ಎಲೆ ಉಜ್ಜಿ ಮೂಸಿ, "ಚಟ್ನಿಗೆ ಆಗುತ್ತೆ ಇದು" ಅಂದರು.

ದೊಡ್ಡ ಕಾಲುವೆಯ ಬಗ್ಗೆಯೂ ಹೇಳಬೇಕು. ಲೀಡ್ಸ್–ಲಿವರ್‌ಪೂಲ್ ಕಾಲುವೆ, 127 ಮೈಲಿ ಉದ್ದ. ಪೂರ್ತಿ ಮುಗಿದದ್ದು 1816ರಲ್ಲಿ, ಆದರೆ ಸ್ಕಿಪ್ಟನ್‌ಗೆ 1773ರಲ್ಲೇ ನೀರು ಬಂದಿತ್ತು. ಅರ್ಧ ಗಂಟೆಯ ದೋಣಿ ಸವಾರಿ ಸಿಗುತ್ತದೆ. ದೋಣಿ ನಡೆಯುವವರಷ್ಟೇ ನಿಧಾನ. ಬಾತುಕೋಳಿಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಮಗ ಚಪ್ಪಾಳೆ ತಟ್ಟಿದ.

ದೋಣಿ ಹತ್ತುವ ಜಾಗದ ಹತ್ತಿರ ಒಂದು ಕಂಚಿನ ಪ್ರತಿಮೆ ಇದೆ. ಫ್ರೆಡ್ ಟ್ರೂಮನ್, ಯಾರ್ಕ್‌ಷೈರಿನ ವೇಗದ ಬೌಲರ್. ಟೆಸ್ಟ್‌ನಲ್ಲಿ ಮುನ್ನೂರು ವಿಕೆಟ್ ಪಡೆದ ಮೊದಲಿಗ, 1964ರಲ್ಲಿ. ಚೆಂಡು ಎಸೆದು ಮುಂದೆ ಬಾಗಿದ ಭಂಗಿ. ಮಾವ ಹೆಸರು ಓದಿ ಅಲ್ಲೇ ನಿಂತುಬಿಟ್ಟರು. "ಸೊನ್ನೆಗೆ ನಾಲ್ಕು," ಅಂದರು. 1952ರಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದ ಹೆಡಿಂಗ್ಲಿ ಮೈದಾನದಲ್ಲಿ, ಟ್ರೂಮನ್ನರ ಮೊದಲ ಟೆಸ್ಟ್. ಎರಡನೇ ಇನಿಂಗ್ಸ್‌ನಲ್ಲಿ ಭಾರತ ಒಂದು ರನ್ನೂ ಮಾಡದೆ ನಾಲ್ಕು ವಿಕೆಟ್ ಕಳೆದುಕೊಂಡಿತ್ತು. ಮೂರು ಇವರದೇ. ಮಾವನಿಗೆ ಆಗಿನ್ನೂ ಎರಡು ವರ್ಷ, ಆದರೆ ಅವರಪ್ಪ ಆ ಸ್ಕೋರನ್ನು ಬದುಕಿರುವವರೆಗೂ ಹೇಳುತ್ತಿದ್ದರಂತೆ.

ಬೋಲ್ಟನ್ ಆಬಿ

ಸ್ಕಿಪ್ಟನ್‌ನಿಂದ ಆರು ಮೈಲಿ. ಇಲ್ಲಿ ಹೊಳೆ ಬೇರೆ, ವಾರ್ಫ್. ಡೆವನ್‌ಷೈರ್ ಡ್ಯೂಕ್ ಮನೆತನದ ಎಸ್ಟೇಟು. ತಲೆಗೆ ಟಿಕೆಟ್ ಇಲ್ಲ, ಕಾರು ನಿಲ್ಲಿಸಲು ಒಂದು ಕಾರಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಇಬ್ಬರೇ ಹೋದರೆ ದುಬಾರಿ ಅನ್ನಿಸುತ್ತದೆ. ನಾವು ಗೆಳತಿಯ ಏಳು ಸೀಟಿನ ಕಾರು ಕೇಳಿಕೊಂಡು ಆರು ಜನ ಹೋದೆವು. ಆಗ ಕೋಟೆಗಿಂತ ಎಷ್ಟೋ ಅಗ್ಗ.

1154ರಲ್ಲಿ ಇಲ್ಲಿ ಒಂದು ಮಠ ಶುರುವಾಯಿತು. ಜಾಗ ಕೊಟ್ಟಿದ್ದು ಸ್ಕಿಪ್ಟನ್ ಕೋಟೆಯ ರೊಮಿಲಿ ಮನೆತನದ ಆಲಿಸ್. 1539ರಲ್ಲಿ ಎಂಟನೇ ಹೆನ್ರಿ ದೊರೆಯ ಕಾಲದಲ್ಲಿ ಮಠ ಮುಚ್ಚಿಸಿದರು. ಅರ್ಧ ಕಟ್ಟಡ ಚಾವಣಿ ಇಲ್ಲದೆ ಆಕಾಶಕ್ಕೆ ತೆರೆದು ನಿಂತಿದೆ. ಉಳಿದರ್ಧ ಇವತ್ತಿಗೂ ಊರ ಚರ್ಚು. ಒಂದೇ ಕಟ್ಟಡದಲ್ಲಿ ಒಂದು ಕಡೆ ಪ್ರಾರ್ಥನೆ, ಗೋಡೆಯಾಚೆ ಹುಲ್ಲು, ಕಾಗೆ, ಗಾಳಿ. ಅತ್ತೆ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಚ್ಚಲು ಬಗ್ಗಿದರು. ಒಳಗಿದ್ದ ಹಿರಿಯರೊಬ್ಬರು ಬೇಡ ಬೇಡ ಅಂತ ಕೈಸನ್ನೆ ಮಾಡಿ, ಕೂರಲು ಕುರ್ಚಿ ತೋರಿಸಿದರು.

ಟ್ರೂಮನ್ನರ ಸಮಾಧಿ ಇರುವುದು ಇಲ್ಲೇ, ಈ ಚರ್ಚಿನ ಅಂಗಳದಲ್ಲಿ. ಮಾವನಿಗೆ ಇದು ಗೊತ್ತಿರಲಿಲ್ಲ. ಸ್ಕಿಪ್ಟನ್ ಪ್ರತಿಮೆ ನೋಡಿ ಬಂದ ರಾತ್ರಿ ನನ್ನ ಗಂಡ ಫೋನಿನಲ್ಲಿ ಹುಡುಕಿ ಇಟ್ಟುಕೊಂಡಿದ್ದರು, ಅಪ್ಪನಿಗೆ ಹೇಳಿರಲಿಲ್ಲ. ಸಾಲು ಸಾಲು ಕಲ್ಲುಗಳ ನಡುವೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೊಮ್ಮಗಳಿಗೆ ಇಡೀ ಮ್ಯಾಚಿನ ಕಥೆ ಅಲ್ಲೇ ಹೇಳಿದರು.

ಈಗ ಹೊಳೆ. ಮಠದ ಕೆಳಗೆ ವಾರ್ಫ್ ಅಗಲವಾಗಿ, ತೆಳ್ಳಗೆ ಹರಿಯುತ್ತದೆ. ಒಂದು ದಡದಲ್ಲಿ ಮರಳು, ಥೇಟ್ ನಮ್ಮ ಹೇಮಾವತಿ ದಂಡೆ ಅಂತ ಅತ್ತೆ ಹೇಳಿದ್ದು. ದಡದಿಂದ ದಡಕ್ಕೆ ಸುಮಾರು ಅರವತ್ತು ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ. ಹಳೇ ಕಾಲದಿಂದ ಜನ ಹೊಳೆ ದಾಟುತ್ತಿದ್ದ ದಾರಿ. ಪಕ್ಕದಲ್ಲೇ ಸೇತುವೆಯೂ ಇದೆ, ಹಾಗಾಗಿ ಯಾರೂ ಕಲ್ಲಿನ ಮೇಲೇ ಹೋಗಬೇಕು ಅಂತಿಲ್ಲ. ನೀರು ಏರಿದಾಗ ಕಲ್ಲಿನ ದಾರಿ ಮುಚ್ಚುತ್ತಾರೆ.

ಮಗಳು ಎಣಿಸುತ್ತಾ ಹೊರಟಳು. ಅವಳ ಹಿಂದೆ ನಾನು. ತಿರುಗಿ ನೋಡಿದರೆ ಅತ್ತೆ ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊದಲ ಕಲ್ಲಿನ ಮೇಲೆ ನಿಂತಿದ್ದಾರೆ. "ಅತ್ತೆ, ಬೇಡ, ಸೇತುವೆ ಇದೆ" ಅಂದೆ. "ನಮ್ಮ ಊರ ಹಳ್ಳಕ್ಕೂ ಇದೇ ತರ ಕಲ್ಲು ಹಾಕ್ತಿದ್ರು ಕಣಮ್ಮ. ನಾಲ್ಕು ಹೆಜ್ಜೆ ಅಷ್ಟೇ." ಕಲ್ಲಿನ ನೆತ್ತಿ ಸವೆದು ನಡುವೆ ಸಣ್ಣ ತಗ್ಗಾಗಿದೆ, ಅದರಲ್ಲಿ ಒಂದಿಷ್ಟು ನೀರು. ಅವರು ತಗ್ಗಿನಲ್ಲಿ ಕಾಲಿಡಲಿಲ್ಲ. ಅಂಚಿನಲ್ಲಿ, ಪಾದ ಅಡ್ಡ ತಿರುಗಿಸಿ ಇಟ್ಟರು. ಒಂದು, ಎರಡು, ಮೂರು, ನಾಲ್ಕು. ಅಲ್ಲಿ ನಿಂತು ನೀರು ನೋಡಿದರು. ಹಾಗೇ ಹಿಂದಕ್ಕೆ ಬಂದರು. ಆಮೇಲೆ ಮರಳಿನ ಮೇಲೆ ಕೂತು ಎರಡೂ ಪಾದ ನೀರಲ್ಲಿ ಬಿಟ್ಟುಕೊಂಡರು. ಬೇಸಿಗೆಯಲ್ಲೂ ಆ ನೀರು ಕೊರೆಯುತ್ತದೆ. ಮಂಡಿಗೆ ಹಿತವಾಯಿತು ಅಂತ ಎಷ್ಟು ಹೇಳಿದರೂ ಎದ್ದು ಬರಲಿಲ್ಲ. ಮಗ ಅವರ ಪಕ್ಕದಲ್ಲೇ ಕಲ್ಲು ಕೂಡಿಸಿ ಅಣೆಕಟ್ಟು ಕಟ್ಟುತ್ತಿದ್ದ. ಮೂರು ಗಂಟೆ ಕಳೆದದ್ದು ಯಾರಿಗೂ ಗೊತ್ತಾಗಲಿಲ್ಲ.

ಬೋಲ್ಟನ್ ಆಬಿಗೆ ನನ್ನ ಮೊದಲ ಸ್ಥಾನ ಈ ಮೂರು ಗಂಟೆಗಾಗಿಯೇ. ಕೋಟೆಯಲ್ಲಿ ಅತ್ತೆ ನಮ್ಮನ್ನು ಕಾಯುತ್ತಾ ಕೂತಿದ್ದರು. ಇಲ್ಲಿ ಅವರಿಗೂ ಅವರದೇ ಆದ ದಿನ ಸಿಕ್ಕಿತು.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಇದೇ ಹೊಳೆ ಮೇಲ್ಗಡೆ ಕಾಡಿನೊಳಗೆ ಸ್ಟ್ರಿಡ್ ಅನ್ನುವ ಕಡೆ ಬಂಡೆಗಳ ನಡುವೆ ಎರಡು ಮೀಟರಿನಷ್ಟು ಸಂದಿಗೆ ಇಳಿದುಬಿಡುತ್ತದೆ. ಅಷ್ಟು ಅಗಲದ ಹೊಳೆ ಎಲ್ಲಿ ಹೋಯಿತು? ಆಳಕ್ಕೆ ಹೋಯಿತು. ನೀರು ಬಂಡೆಯ ಅಡಿಯನ್ನು ಒಳಗೊಳಗೇ ಕೊರೆದಿದೆ. ಮೇಲಿನಿಂದ ನೋಡಿದರೆ ಹಾರಿ ದಾಟಬಹುದು ಅನ್ನಿಸುತ್ತದೆ, ಅದೇ ಅಪಾಯ. ಬಂಡೆ ಮೇಲೆ ಪಾಚಿ, ಜಾರುತ್ತದೆ. ಬಿದ್ದವರನ್ನು ನೀರು ಒಳಗೆ ಎಳೆದುಕೊಳ್ಳುತ್ತದೆ. ಎಷ್ಟೋ ಜನ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಮಠಕ್ಕೆ ಜಾಗ ಕೊಟ್ಟ ಆಲಿಸ್‌ಳ ಮಗನೇ ಇಲ್ಲಿ ಹಾರಲು ಹೋಗಿ ಮುಳುಗಿದ ಅನ್ನುವ ಕಥೆಯೂ ಇದೆ. ನಮ್ಮ ಮನೆಯಲ್ಲಿ ನಿಯಮ ಒಂದೇ: ಗಂಡ, ಮಾವ, ಮಗಳು ದಾರಿಯ ಮೇಲೇ ನಿಂತು ನೋಡಿ ಬರುತ್ತಾರೆ, ಮಗನನ್ನು ಅತ್ತ ಕರೆದುಕೊಂಡು ಹೋಗುವುದಿಲ್ಲ. ಸಣ್ಣ ಮಕ್ಕಳಿರುವವರು ಮಠದ ಹತ್ತಿರದ ಮರಳಲ್ಲೇ ಇದ್ದುಬಿಡಿ. ಅಲ್ಲಿಯೂ ಮಕ್ಕಳಿಂದ ಕೈಯಳತೆ ದೂರದಲ್ಲೇ ಇರಿ.

ಇದೇ ದಾರಿಯಲ್ಲಿ ಹೆಸ್ಕೆತ್ ಫಾರ್ಮ್ ಪಾರ್ಕ್ ಅಂತ ಒಂದು ತೋಟದ ಮನೆ ಇದೆ. ವಸಂತದಲ್ಲಿ ಕುರಿಮರಿ ನೋಡಲು ಹೋಗಬಹುದು. ಆರು ವರ್ಷದ ಒಳಗಿನವರಿಗೆ ಚೆಂದ, ಮಗಳಿಗೆ ಈಗ ಸಾಕಾಗಿದೆ.

ಹೊಗೆಬಂಡಿ

ಮಾವ ರೈಲ್ವೆಯಲ್ಲಿದ್ದವರು. ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜ್ ಕಾಲದಿಂದ ಕೆಲಸ ಮಾಡಿದವರು. ಹಾಗಾಗಿ ಎಂಬ್ಸೆ ಸ್ಟೀಮ್ ರೈಲಿಗೆ ಹೋಗದೆ ಇರುವ ಮಾತೇ ಇರಲಿಲ್ಲ.

ಎಂಬ್ಸೆ ಸ್ಕಿಪ್ಟನ್‌ನಿಂದ ಎರಡೇ ಮೈಲಿ. ಈ ಹಳಿ 1888ರಲ್ಲಿ ಹಾಕಿದ್ದು, ಸ್ಕಿಪ್ಟನ್‌ನಿಂದ ಇಲ್ಕ್ಲಿ ಕಡೆಗೆ. 1965ರಲ್ಲಿ ಮುಚ್ಚಿದರು. ರೈಲು ಹುಚ್ಚಿನ ಜನ ಸೇರಿ ಆಮೇಲೆ ಮತ್ತೆ ಓಡಿಸಲು ಶುರು ಮಾಡಿದರು. 1998ರಲ್ಲಿ ಬೋಲ್ಟನ್ ಆಬಿ ಸ್ಟೇಷನ್‌ವರೆಗೆ ಹಳಿ ತಂದರು. ಒಟ್ಟು ನಾಲ್ಕು ಮೈಲಿ. ಹೆಚ್ಚಿನ ಕೆಲಸ ಸಂಬಳವಿಲ್ಲದ ಸ್ವಯಂಸೇವಕರದ್ದು.

ನಾಲ್ಕು ಮೈಲಿ ಅಂದರೆ ಕೂತು ಕಿಟಕಿ ತೆರೆಯುವಷ್ಟರಲ್ಲಿ ಊರು ಬರುತ್ತದೆ. ಸವಾರಿಗಾಗಿ ಹೋದರೆ ಮನಸ್ಸು ತುಂಬುವುದಿಲ್ಲ. ನೋಡಬೇಕಾದದ್ದು ಬೋಲ್ಟನ್ ಆಬಿ ಸ್ಟೇಷನ್ನಿನಲ್ಲಿ ರೈಲು ನಿಂತ ಮೇಲೆ. ಎಲ್ಲರೂ ಟೀ ಕುಡಿಯಲು ಹೋದರು. ಮಾವ ಮೊಮ್ಮಗನ ಕೈ ಹಿಡಿದು ಎಂಜಿನ್ ಕಡೆಗೆ ನಡೆದರು. ಒಬ್ಬ ಹುಡುಗ ಎರಡು ಡಬ್ಬಿಗಳ ನಡುವೆ ಇಳಿದು, ಬಗ್ಗಿ, ಕೊಂಡಿ ಕಳಚಿದ. ಎಂಜಿನ್ ಉಸ್ ಅಂತ ಮುಂದೆ ಹೋಯಿತು, ಪಕ್ಕದ ಹಳಿಗೆ ಬಂತು, ಇಡೀ ಬಂಡಿಯನ್ನು ಬಳಸಿ ಇನ್ನೊಂದು ತುದಿಗೆ ಹೋಗಿ ಸೇರಿಕೊಂಡಿತು. ಡಬ್ಬಿಗೆ ತಾಗುವಾಗ ಸದ್ದೇ ಆಗಲಿಲ್ಲ. "ನೋಡು ಪುಟ್ಟಾ, ಮುಟ್ಟಿದ್ದೇ ಗೊತ್ತಾಗಬಾರದು. ಅದು ಡ್ರೈವರ್‌ನ ಕೈ," ಅಂದರು ಮಾವ. ಡ್ರೈವರ್ ಕೇಳಿಸಿಕೊಂಡು ಏನು ಹೇಳಿದರು ಅಂತ ನನ್ನ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಆತ ಇಳಿದು ಬಂದು ಮಾವನ ಕೈ ಕುಲುಕಿದರು. ಮೈಯೆಲ್ಲ ಕಲ್ಲಿದ್ದಲು, ಎಣ್ಣೆ ವಾಸನೆ. ಮಾವ ಆ ಕೈಯನ್ನು ಬಹಳ ಹೊತ್ತು ಒರೆಸಿಕೊಳ್ಳಲಿಲ್ಲ.

ಆದರೂ ಇದನ್ನು ಪೂರ್ತಿ ದಿನದ ಓಡಾಟ ಅನ್ನಲಾರೆ. ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಬೋಲ್ಟನ್ ಆಬಿ ಸ್ಟೇಷನ್ ಅಂತ ಹೆಸರಿದ್ದರೂ ಮಠ ಅಲ್ಲಿಂದ ಒಂದೂವರೆ ಮೈಲಿ ದೂರ. ಗಟ್ಟಿ ಕಾಲಿನವರು ನಡೆದುಹೋಗಿ ಎರಡನ್ನೂ ಒಂದೇ ದಿನ ಮಾಡಬಹುದು. ಅತ್ತೆಯಂಥವರಿಗೆ ಆಗುವುದಿಲ್ಲ. ವರ್ಷದ ಎಲ್ಲ ದಿನ ರೈಲು ಓಡುವುದಿಲ್ಲ, ಕೆಲವು ದಿನ ಡೀಸೆಲ್ ಎಂಜಿನ್ ಇರುತ್ತದೆ. ಟೈಮ್‌ಟೇಬಲ್ ನೋಡಿ, ಸ್ಟೀಮ್ ಇದೆ ಅಂತ ಖಚಿತ ಮಾಡಿಕೊಂಡೇ ಹೊರಡಿ. ಮನೆಯಲ್ಲಿ ರೈಲು ಅಂದರೆ ಪ್ರಾಣ ಬಿಡುವವರು ಒಬ್ಬರಿದ್ದರೂ ಸಾಕು, ಹೋಗಿ. ಇಲ್ಲದಿದ್ದರೆ ಸ್ಕಿಪ್ಟನ್ ಸಂತೆಯ ದಿನಕ್ಕೆ ಮಧ್ಯಾಹ್ನದ ಹೊತ್ತು ಇದನ್ನು ಸೇರಿಸಿಕೊಂಡರೆ ಸರಿಹೋಗುತ್ತದೆ.

ಮ್ಯಾಲಮ್

ಮಗಳ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಸ್ಕಿಪ್ಟನ್‌ನಿಂದ ಹನ್ನೊಂದು ಮೈಲಿ. ಕೊನೆಯ ಮೈಲಿಗಳಲ್ಲಿ ದಾರಿ ಕಿರಿದು, ಎರಡೂ ಕಡೆ ಗಾರೆ ಇಲ್ಲದೆ ಪೇರಿಸಿದ ಕಲ್ಲಿನ ಗೋಡೆ.

ಹಳ್ಳಿಯಿಂದ ಇಪ್ಪತ್ತು ನಿಮಿಷ ನಡೆದರೆ ಎದುರಿಗೆ ಮ್ಯಾಲಮ್ ಕೋವ್. ಸುಣ್ಣದ ಕಲ್ಲಿನ ಬಿಳಿ ಗೋಡೆ, ಎಂಬತ್ತು ಮೀಟರ್ ಎತ್ತರ, ಬಿಲ್ಲಿನ ಹಾಗೆ ಬಾಗಿದೆ. ಹಿಮಯುಗ ಮುಗಿಯುವಾಗ ಕರಗಿದ ನೀರು ಇದರ ಮೇಲಿಂದ ಜಲಪಾತವಾಗಿ ಬೀಳುತ್ತಿತ್ತು. ಈಗ ಮೇಲೆ ನೀರಿಲ್ಲ, ಎಲ್ಲ ಕಲ್ಲಿನೊಳಗೆ ಇಂಗಿ ಹೋಗುತ್ತದೆ. 2015ರ ಡಿಸೆಂಬರಿನ ದೊಡ್ಡ ಬಿರುಗಾಳಿ ಮಳೆಯಲ್ಲಿ ಮಾತ್ರ ಒಂದೆರಡು ದಿನ ಜಲಪಾತ ಮತ್ತೆ ಧುಮುಕಿತು. ಬದುಕಿರುವ ಯಾರೂ ಅದಕ್ಕೆ ಮುಂಚೆ ಅದನ್ನು ನೋಡಿರಲಿಲ್ಲ. ಗೋಡೆಯ ಬುಡದಿಂದ ಒಂದು ತೊರೆ ಸದ್ದಿಲ್ಲದೆ ಹೊರಗೆ ಬರುತ್ತದೆ. ಮೇಲಿನ ಕೆರೆ ಮ್ಯಾಲಮ್ ಟಾರ್ನ್‌ನಿಂದ ಹೊರಟು ನೆಲದೊಳಗೆ ಮಾಯವಾಗುವ ನೀರೇ ಇದು ಅಂತ ಅನ್ನಿಸುತ್ತದೆ, ಆದರೆ ಅಲ್ಲ. ಕೆರೆಯ ನೀರು ಕೋವ್ ದಾಟಿ, ಹಳ್ಳಿಯನ್ನೂ ದಾಟಿ, ಕೆಳಗೆ ಏರ್ ಹೆಡ್ ಅನ್ನುವ ಬುಗ್ಗೆಯಲ್ಲಿ ಏಳುತ್ತದೆ. ಎರಡು ನೀರೂ ನೆಲದಡಿ ಒಂದನ್ನೊಂದು ದಾಟಿ ಹೋಗುತ್ತವೆ. ಕೆಳಗೆ ಸೇರಿ ಏರ್ ನದಿಯಾಗುತ್ತವೆ. ಮಗಳು ಬುಗ್ಗೆಯ ಹತ್ತಿರ ಕೂತು ನೀರಿಗೆ ಕೈಯಿಟ್ಟು, "ಇದೇನಾ ನಮ್ಮ ಸ್ಟೇಷನ್ ನೀರು?" ಅಂದಳು. ಹೌದು ಅಂದೆ.

ಕೋವ್‌ನ ಪಕ್ಕದಲ್ಲಿ ನಾನೂರರಷ್ಟು ಮೆಟ್ಟಿಲು. ಹತ್ತಿದರೆ ನೆತ್ತಿಯ ಮೇಲೆ ಕಲ್ಲಿನ ನೆಲ. ಚಪ್ಪಡಿ ಚಪ್ಪಡಿಯಾಗಿ ಒಡೆದಿದೆ. ನಡುವಿನ ಬಿರುಕು ಕೆಲವು ಕಡೆ ಮಗಳ ಸೊಂಟದಷ್ಟು ಆಳ. ಬಗ್ಗಿ ನೋಡಿದರೆ ಒಳಗೆ ಬೇರೆಯೇ ಲೋಕ: ನಾಲಿಗೆ ಆಕಾರದ ಜರಿಗಿಡ, ಪಾಚಿ, ತಂಪು. ಮೇಲೆ ಗಾಳಿ ಹೊಡೆಯುವಾಗ ಅಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ನನಗೆ ಇಡೀ ಯಾರ್ಕ್‌ಷೈರಿನಲ್ಲಿ ಇದಕ್ಕಿಂತ ಇಷ್ಟದ ಜಾಗ ಇಲ್ಲ.

ಹಾಗಾದರೆ ಕೊನೆಗೆ ಯಾಕೆ? ಅತ್ತೆ ಮಾವನನ್ನು ಕರೆದುಕೊಂಡು ಹೋದ ದಿನ ಹೇಳುತ್ತೇನೆ. ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆಯ ಸೋಮವಾರ. ಹನ್ನೊಂದೂವರೆಗೆ ತಲುಪಿದೆವು. ಕಾರ್ ಪಾರ್ಕ್ ತುಂಬಿತ್ತು. ಮುಕ್ಕಾಲು ಗಂಟೆ ಕಾರಿನಲ್ಲೇ ಕೂತೆವು, ಮಗ ಅತ್ತ. ಕೊನೆಗೆ ಜಾಗ ಸಿಕ್ಕಿತು. ಕೋವ್‌ನ ಬುಡದವರೆಗೆ ಅತ್ತೆ ನಡೆದರು, ಆ ದಾರಿ ಚೆನ್ನಾಗಿದೆ. ಆಮೇಲೆ? ಮೆಟ್ಟಿಲು ಅವರಿಗೆ ಆಗದು. ಮೇಲಿನ ಕಲ್ಲು ಮಗನಿಗೆ ಆಗದು, ಅಂಚಿಗೆ ಬೇಲಿ ಇಲ್ಲ, ಬಿರುಕಿನಲ್ಲಿ ಸಣ್ಣ ಕಾಲು ಸಿಕ್ಕಿಕೊಳ್ಳುತ್ತದೆ. ಜನ ನಡೆದು ನಡೆದು ಕಲ್ಲು ನುಣುಪಾಗಿದೆ, ಒದ್ದೆಯಾದರೆ ಜಾರುತ್ತದೆ. ನಾನೂ ಮಗಳೂ ಮೇಲೆ ಹೋದೆವು, ಉಳಿದ ನಾಲ್ವರು ಕೆಳಗೆ. ಮೇಲಿಂದ ನೋಡಿದರೆ ಅತ್ತೆಯ ಹಳದಿ ಸೀರೆ ಒಂದು ಚುಕ್ಕೆ. ಮಗಳು ಕೈ ಬೀಸಿದಳು. ಅವರಿಗೆ ಕಾಣಲಿಲ್ಲ. ಅಷ್ಟು ಚೆಂದದ ಜಾಗದಲ್ಲಿ ನಿಂತು ನನಗೆ ಕೆಳಗೆ ಇಳಿದು ಹೋಗೋಣ ಅನ್ನಿಸಿತು.

ಎಂಟು ವರ್ಷ ದಾಟಿದ ಮಕ್ಕಳು, ಗಟ್ಟಿ ಮಂಡಿಯ ದೊಡ್ಡವರು, ಒಳ್ಳೆ ಬೂಟು, ಬೆಳಿಗ್ಗೆ ಒಂಬತ್ತೂವರೆಯೊಳಗೆ ತಲುಪುವ ಹುಮ್ಮಸ್ಸು. ಇಷ್ಟಿದ್ದರೆ ಮ್ಯಾಲಮ್‌ಗೆ ಸಾಟಿ ಇಲ್ಲ. ಹಿರಿಯರು ಜೊತೆಗಿದ್ದೂ ಅಲ್ಲಿಗೇ ಹೋಗಬೇಕು ಅಂದರೆ ಕೋವ್ ಬುಡ ನೋಡಿ, ಜಾನೆಟ್ಸ್ ಫಾಸ್ ಕಡೆ ಹೋಗಿ. ಹಳ್ಳಿಯಿಂದ ಒಂದೂವರೆ ಮೈಲಿ, ದೊಡ್ಡ ಏರಿಲ್ಲ. ಕಾಡಿನೊಳಗೆ ಸಣ್ಣ ಜಲಪಾತ, ಕೆಳಗೆ ಮಡು. ಹಿಂದೆ ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಈ ಮಡುವಿನಲ್ಲೇ ತೊಳೆಯುತ್ತಿದ್ದರು. ನೀರಿನ ಹಿಂದಿನ ಗುಹೆಯಲ್ಲಿ ಜಾನೆಟ್ ಎಂಬ ಯಕ್ಷಿಣಿ ರಾಣಿ ಇದ್ದಾಳೆ ಅಂತ ಊರವರ ಕಥೆ. ಮಗ ಅವಳಿಗೆ ಅಂತ ಒಂದು ಬಿಸ್ಕತ್ತು ಬಂಡೆ ಮೇಲೆ ಇಟ್ಟು ಬಂದ.

ಊಟ, ಮಳೆ, ಮತ್ತೆ ಬಾತ್ರೂಮು

ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗುವವರಿಗೆ ಬೋಲ್ಟನ್ ಆಬಿಯೇ ಸರಿ. ಹುಲ್ಲು ಬೇಕಾದಷ್ಟು, ಚಾಪೆ ಹಾಸಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ನಾವು ಪುಳಿಯೋಗರೆ, ಮೊಸರನ್ನ, ಚಪಾತಿ ಪಲ್ಯ ಒಯ್ದಿದ್ದೆವು. ಮೊಸರನ್ನಕ್ಕೆ ದಾಳಿಂಬೆ ಹಾಕಿ. ಹೊಳೆ ಪಕ್ಕ ಅದರ ರುಚಿಯೇ ಬೇರೆ. ಸ್ಕಿಪ್ಟನ್‌ನಲ್ಲಿ ಸಸ್ಯಾಹಾರಿಗಳಿಗೆ ಹೋಟೆಲುಗಳಲ್ಲಿ ಸಾಕಷ್ಟು ಸಿಗುತ್ತದೆ, ಕಾಲುವೆ ದಂಡೆಯ ಬೆಂಚಿನಲ್ಲೂ ಡಬ್ಬಿ ಬಿಚ್ಚಬಹುದು. ಮ್ಯಾಲಮ್ ಸಣ್ಣ ಹಳ್ಳಿ, ರಜಾ ದಿನ ಅಲ್ಲಿನ ಒಂದು ಕೆಫೆಯಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಸೂಪ್ ಮುಗಿದಿತ್ತು. ಊಟ ಮನೆಯಿಂದಲೇ ಇರಲಿ.

ಬಾತ್ರೂಮಿನ ವಿಷಯ ಯಾರೂ ಬರೆಯುವುದಿಲ್ಲ, ಆದರೆ ಹಿರಿಯರಿಗೆ ಮೊದಲ ಚಿಂತೆ ಅದೇ. ಅತ್ತೆ ನೀರು ಕುಡಿಯದೆ ಇದ್ದುಬಿಡುತ್ತಿದ್ದರು, ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಸ್ಕಿಪ್ಟನ್ ಊರಲ್ಲಿ ಆ ಚಿಂತೆ ಕಡಿಮೆ. ಬೋಲ್ಟನ್ ಆಬಿಯಲ್ಲಿ ಕಾರ್ ಪಾರ್ಕುಗಳ ಹತ್ತಿರ ಮತ್ತು ಕ್ಯಾವೆಂಡಿಶ್ ಪೆವಿಲಿಯನ್ ಕೆಫೆಯ ಬಳಿ ಇದೆ. ಮ್ಯಾಲಮ್‌ನಲ್ಲಿ ಹಳ್ಳಿ ಬಿಟ್ಟು ಕೋವ್ ಕಡೆ ಹೊರಟಿರೋ, ವಾಪಸ್ ಬರುವವರೆಗೆ ಏನೂ ಇಲ್ಲ. ಹೊರಡುವ ಮುಂಚೆ ಇದನ್ನು ಬಾಯಿಬಿಟ್ಟು ಹೇಳಿಬಿಡಿ, ಅವರಿಗೆ ಎಷ್ಟೋ ಸಮಾಧಾನ.

ಮೇ ತಿಂಗಳಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಅಮ್ಮನನ್ನು ಕರೆದುಕೊಂಡು ಬರುತ್ತಿದ್ದಾರೆ. ಮೊದಲ ಶನಿವಾರ ರೈಲಿನಲ್ಲಿ ಸ್ಕಿಪ್ಟನ್: ಸಂತೆ, ದೋಣಿ, ಬ್ಲೂಬೆಲ್ ಕಾಡು. ಮಳೆ ಬಂದರೆ ಮಾತ್ರ ಕೋಟೆ. ಎರಡನೇ ವಾರ ಬೋಲ್ಟನ್ ಆಬಿ, ಇಡೀ ದಿನ. ಮ್ಯಾಲಮ್‌ಗೆ ಅಕ್ಕ, ಭಾವ, ದೊಡ್ಡ ಮಕ್ಕಳು ನನ್ನ ಗಂಡನ ಜೊತೆ ಒಂದು ವಾರದ ದಿನ ಬೆಳಿಗ್ಗೆ ಬೇಗ ಹೋಗುತ್ತಾರೆ. ನಾನು, ಅಮ್ಮ, ನನ್ನ ಮಗ ಆವತ್ತು ಮನೆಯಲ್ಲೇ. ಪುಳಿಯೋಗರೆ ಗೊಜ್ಜು ಅಮ್ಮ ಊರಿಂದಲೇ ತರುತ್ತೇನೆ ಅಂದಿದ್ದಾರೆ.